ತಂದೆಯವರ ಆಟದ ದಿನಗಳ ಭಾವಚಿತ್ರಗಳಿಗಾಗಿ ಸಹಾಯ ಬೇಕು

ಗದಗ-ಬೆಟಗೇರಿಯ ಹಿರಿಯರಲ್ಲಿ ವಿನಂತಿ. ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತ ನಮ್ಮ ಮೂವರನ್ನೂ ಓದಿಸಿದ, ರವಿವಾರ ಬಂದರೆ ಬಿಳಿ ಅಂಗಿ ತೊಟ್ಟು ಕ್ರಿಕೆಟ್ ಮೈದಾನಕ್ಕೆ ಹೋಗುತ್ತಿದ್ದ ನಮ್ಮ ತಂದೆಯವರು ಕಳೆದ ಶ್ರಾವಣದಲ್ಲಿ ತೀರಿಕೊಂಡರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು ನಮ್ಮೂರಿನ ಸುನಿಲ ಜೋಶಿಯವರು 10 ಓವರುಗಳಲ್ಲಿ ಕೇವಲ 6 ರನ್ ನೀಡಿ 5 ವಿಕೆಟ್ ಪಡೆದಾಗ ಅವರು ಓಣಿಯ ಮನೆಮನೆಗೂ ಪೇಢೆ ಹಂಚಿದ್ದರು. ಅಂಥ ಸಂತೋಷವನ್ನು ಅವರ ಮುಖದಲ್ಲಿ ನಾನು ಮತ್ತೆ ಕಂಡದ್ದು ತಂಗಿಯ ಮದುವೆಯಲ್ಲಿ ಮಾತ್ರ.

ವರ್ಷಾಂತಿಕಕ್ಕೆ ಅವರ ನೆನಪಿನ ಕಿರುಪುಸ್ತಕವೊಂದನ್ನು ಅಚ್ಚು ಹಾಕಿಸುತ್ತಿದ್ದೇವೆ, ಆದರೆ ಅವರು ಆಡುತ್ತಿರುವ ಒಂದು ಭಾವಚಿತ್ರವೂ ಮನೆಯಲ್ಲಿಲ್ಲ. 1980ರ ದಶಕದಲ್ಲಿ ಗದಗಿನಲ್ಲಿ ಆಡಿದವರ ಬಳಿ ತಂಡದ ಚಿತ್ರವಾಗಲಿ, ಸ್ಕೋರು ಬರೆದ ವಹಿಯಾಗಲಿ ಇದ್ದರೆ ದಯವಿಟ್ಟು ತಿಳಿಸಿರಿ; ನಾನೇ ಮನೆಗೆ ಬಂದು ಪ್ರತಿ ತೆಗೆಸಿಕೊಂಡು, ಮೂಲವನ್ನು ಅಂದೇ ಮರಳಿಸುತ್ತೇನೆ. ಎಡಗೈಯಿಂದ ನಿಧಾನವಾಗಿ ಚೆಂಡು ಎಸೆಯುತ್ತಿದ್ದ, ತುಸು ಕುಳ್ಳಗಿನ ಆಟಗಾರ ಎಂದರೆ ಕೆಲವರಿಗಾದರೂ ನೆನಪಾದೀತು.