ಕೆಲಸ ಬಿಟ್ಟ ಮೇಲೂ ಕಟ್ಟಿಹಾಕುವ ಷರತ್ತು: ಎಷ್ಟು ನ್ಯಾಯ, ಎಷ್ಟು ಊರ್ಜಿತ?

ಪ್ರಶ್ನೆ (ಉದ್ಯೋಗಿ): ಸರ್, ಹೊಸ ಕೆಲಸದ ಆಫರ್ ಜೊತೆ ಕಳಿಸಿದ ಕರಾರಿನಲ್ಲಿ ಹೀಗಿದೆ: "ಉದ್ಯೋಗ ಕೊನೆಗೊಂಡ ದಿನದಿಂದ 24 ತಿಂಗಳವರೆಗೆ ಉದ್ಯೋಗಿಯು ಕಂಪನಿಯ ವ್ಯವಹಾರವನ್ನು ಹೋಲುವ ಯಾವುದೇ ವ್ಯವಹಾರದಲ್ಲಿ, ಎಲ್ಲೇ ಆಗಲಿ, ಯಾವುದೇ ಹುದ್ದೆಯಲ್ಲಿ, ನೇರವಾಗಿ ಅಥವಾ ಪರೋಕ್ಷವಾಗಿ ತೊಡಗತಕ್ಕದ್ದಲ್ಲ." ಇದಕ್ಕೆ ಸಹಿ ಹಾಕಿದರೆ ಎರಡು ವರ್ಷ ಮನೆಯಲ್ಲಿ ಕೂರಬೇಕಾ?

ಉತ್ತರ (ಉದ್ಯೋಗ ಕಾನೂನು ವಕೀಲರು): ಬರೆದದ್ದೆಲ್ಲ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಯಾವ ದೇಶದ ಕಾನೂನು ಅನ್ವಯಿಸುತ್ತದೆ ಅನ್ನುವುದನ್ನು ಮೊದಲು ನೋಡಿ. ಕರಾರಿನ ಕೊನೆಯ ಪುಟಗಳಲ್ಲಿ ಅದಕ್ಕೇ ಒಂದು ಕಲಂ ಇರುತ್ತದೆ. ಭಾರತದ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ, ಕಾನೂನುಬದ್ಧ ವೃತ್ತಿ ಮಾಡದಂತೆ ತಡೆಯುವ ಕರಾರು ಆ ಮಟ್ಟಿಗೆ ಅನೂರ್ಜಿತ. ಕಾಯ್ದೆ 1872ರದು. ಕ್ಯಾಲಿಫೋರ್ನಿಯಾ ಕೂಡ ಅದೇ ವರ್ಷದಿಂದ ಇದೇ ನಿಲುವಿನಲ್ಲಿದೆ. ಇಂಗ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಮಾಲೀಕರು ಕಾಪಾಡಿಕೊಳ್ಳಬೇಕಾದ ನಿಜವಾದ ಹಿತಾಸಕ್ತಿಯನ್ನು ತೋರಿಸಿ, ಅದಕ್ಕೆ ಬೇಕಾದಷ್ಟೇ ತಡೆ ಹಾಕಿದ್ದರೆ ಷರತ್ತು ಊರ್ಜಿತ.

ಈಗ ನಿಮ್ಮ ವಾಕ್ಯವನ್ನೇ ಬಿಡಿಸಿ ನೋಡೋಣ. "24 ತಿಂಗಳು" ಯಾಕೆ? ನಿಮಗೆ ಗೊತ್ತಾಗುವ ದರಪಟ್ಟಿ ಆರು ತಿಂಗಳಲ್ಲಿ ಹಳತಾಗುವುದಾದರೆ ಎರಡು ವರ್ಷಕ್ಕೆ ಆಧಾರವೇ ಇಲ್ಲ. "ಯಾವುದೇ ಹುದ್ದೆ" ಅಂದರೆ, ಉತ್ಪನ್ನ ವಿನ್ಯಾಸ ಮಾಡಿದವರು ಪ್ರತಿಸ್ಪರ್ಧಿ ಕಂಪನಿಯ ಲೆಕ್ಕಪತ್ರ ವಿಭಾಗಕ್ಕೂ ಸೇರುವಂತಿಲ್ಲ. "ಎಲ್ಲೇ ಆಗಲಿ" ಅನ್ನುವುದು ಕಂಪನಿಗೆ ಒಬ್ಬ ಗ್ರಾಹಕನೂ ಇಲ್ಲದ ಜಾಗಕ್ಕೂ ಬೇಲಿ ಹಾಕುತ್ತದೆ. "ಪರೋಕ್ಷವಾಗಿ" ಅನ್ನುವಂಥ ಸಡಿಲ ಪದಗಳ ಬಗ್ಗೆಯೂ ಎಚ್ಚರ ಬೇಕು. 2019ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಇಂಥದ್ದೊಂದು ಷರತ್ತಿನಲ್ಲಿ, ಪ್ರತಿಸ್ಪರ್ಧಿ ಸಂಸ್ಥೆಯಲ್ಲಿ "ಹಿತಾಸಕ್ತಿ ಹೊಂದಿರಬಾರದು" ಎಂಬರ್ಥದ ಪದ ಚಿಕ್ಕದೊಂದು ಷೇರನ್ನೂ ನಿಷೇಧಿಸುತ್ತದೆ, ಅದು ಅತಿಯಾಯಿತು ಎಂದಿತು. ಆದರೆ ಆ ಪದವನ್ನಷ್ಟೇ ಕತ್ತರಿಸಿ ಉಳಿದ ಆರು ತಿಂಗಳ ತಡೆಯನ್ನು ಉಳಿಸಿಕೊಂಡಿತು. ಒಂದು ಪದ ಕೆಟ್ಟರೆ ಇಡೀ ಷರತ್ತು ಬಿದ್ದುಹೋಗುತ್ತದೆ ಎಂದು ನಂಬಿ ಕೂರುವಂತಿಲ್ಲ.

"ಹೇಗೂ ಅನೂರ್ಜಿತ ತಾನೆ" ಎಂದು ಕಣ್ಣುಮುಚ್ಚಿ ಸಹಿ ಹಾಕುವುದೂ ತಪ್ಪು. ಹಳೆಯ ಕಂಪನಿಯಿಂದ ಒಂದು ಲೀಗಲ್ ನೋಟಿಸ್ ಬಂದರೆ ಸಾಕು, ಹೊಸ ಕಂಪನಿಯವರು ತಂಟೆಯೇ ಬೇಡ ಎಂದು ಆಫರ್ ವಾಪಸ್ ಪಡೆಯುವುದುಂಟು. ಕೇಸು ಗೆಲ್ಲುವ ಹೊತ್ತಿಗೆ ಆ ಕೆಲಸ ಬೇರೆಯವರ ಪಾಲಾಗಿರುತ್ತದೆ. ಸಹಿ ಹಾಕುವ ಮುಂಚೆ ಇಮೇಲ್‌ನಲ್ಲೇ ಬದಲಾವಣೆ ಕೇಳಿ. ಹೀಗೆ ಬರೆಯಬಹುದು: "ಉದ್ಯೋಗ ಕೊನೆಗೊಂಡ 6 ತಿಂಗಳವರೆಗೆ, ಅನುಬಂಧದಲ್ಲಿ ಹೆಸರಿಸಿದ ಕಂಪನಿಗಳಲ್ಲಿ, ಕೊನೆಯ 12 ತಿಂಗಳು ತಾನು ನಿರ್ವಹಿಸಿದ ಉತ್ಪನ್ನಕ್ಕೆ ನೇರ ಪೈಪೋಟಿ ನೀಡುವ ಕೆಲಸವನ್ನು ಉದ್ಯೋಗಿ ಮಾಡುವುದಿಲ್ಲ. ಈ ಅವಧಿಗೆ ಕಂಪನಿಯು ಮೂಲ ವೇತನದ ಇಂತಿಷ್ಟು ಪಾಲನ್ನು ಪ್ರತಿ ತಿಂಗಳು ಕೊಡುತ್ತದೆ. ಕಂಪನಿಯೇ ಕೆಲಸದಿಂದ ತೆಗೆದರೆ ಈ ಷರತ್ತು ಅನ್ವಯಿಸುವುದಿಲ್ಲ." ಕೊನೆಯ ಸಾಲನ್ನು ಮಾತ್ರ ಬಿಟ್ಟುಕೊಡಬೇಡಿ. ತಾವೇ ಹೊರಗೆ ಕಳಿಸಿ, ಬೇರೆ ಕಡೆಯೂ ದುಡಿಯಬೇಡ ಅನ್ನುವುದು ಯಾವ ನ್ಯಾಯ?

ಪ್ರಶ್ನೆ (ಅದೇ ಉದ್ಯೋಗಿ): ಕೆಲಸದಲ್ಲಿರುವಾಗಲೇ ಪ್ರತಿಸ್ಪರ್ಧಿಗೆ ಬಿಡುವಿನಲ್ಲಿ ಕೆಲಸ ಮಾಡಿಕೊಟ್ಟರೆ?

ಉತ್ತರ (ವಕೀಲರು): ಮಾಡಬೇಡಿ. ಉದ್ಯೋಗದ ಅವಧಿಯೊಳಗಿನ ನಿರ್ಬಂಧ ಭಾರತದಲ್ಲೂ ಊರ್ಜಿತ. 1967ರ ಸೆಂಚುರಿ ಸ್ಪಿನ್ನಿಂಗ್ ಪ್ರಕರಣದಲ್ಲಿ, ಐದು ವರ್ಷದ ಕರಾರಿನ ನಡುವೆಯೇ ಪ್ರತಿಸ್ಪರ್ಧಿಯನ್ನು ಸೇರಿದ ನೌಕರನ ಮೇಲಿನ ತಡೆಯಾಜ್ಞೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ತಡೆ ಇದ್ದದ್ದು ಆ ಐದು ವರ್ಷ ಮುಗಿಯುವವರೆಗೆ ಮಾತ್ರ.

ಪ್ರಶ್ನೆ (ಸಣ್ಣ ಕಂಪನಿಯ ಮಾಲೀಕರು): ನೀವೆಲ್ಲ ಉದ್ಯೋಗಿಯ ಪರವೇ ಮಾತಾಡುತ್ತೀರಿ. ಕೈಹಿಡಿದು ಕಲಿಸಿರುತ್ತೇವೆ. ಕಲಿತವರು ಗ್ರಾಹಕರ ಪಟ್ಟಿ ಎತ್ತಿಕೊಂಡು ಹೋಗಿ ಎದುರಿಗೇ ಬೋರ್ಡು ಹಾಕುತ್ತಾರೆ. ನಮ್ಮ ಗತಿ?

ಉತ್ತರ (ಮಾನವ ಸಂಪನ್ಮೂಲ ಸಲಹೆಗಾರರು): ನಿಮ್ಮ ಭಯಕ್ಕೆ ಕಾರಣ ಇದೆ ಸರ್, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಅದರೊಳಗೆ ಎರಡು ಬೇರೆ ಬೇರೆ ಸಂಗತಿಗಳಿವೆ. ಕಲಿತ ಕೌಶಲ ಆ ವ್ಯಕ್ತಿಯದು. ಅದನ್ನು ತಲೆಯಿಂದ ತೆಗೆದು ನಿಮ್ಮ ಮೇಜಿನ ಮೇಲಿಟ್ಟು ಹೋಗಲಾಗುವುದಿಲ್ಲ. ಗ್ರಾಹಕರ ಪಟ್ಟಿ, ಯಾರಿಗೆ ಎಷ್ಟು ರಿಯಾಯಿತಿ, ಕೋಡ್, ತಯಾರಿಕೆಯ ಅಳತೆ-ಪ್ರಮಾಣ ನಿಮ್ಮ ಸ್ವತ್ತು. ಬೀಗ ಹಾಕಬೇಕಾದದ್ದು ಇವಕ್ಕೆ, ಮನುಷ್ಯನಿಗಲ್ಲ.

ಹೆಚ್ಚಿನವರು ಎಡವುವುದು ಇಲ್ಲೇ. ಕರಾರಿನಲ್ಲಿ "ಎಲ್ಲ ಮಾಹಿತಿಯೂ ಗೋಪ್ಯ" ಎಂದು ಬರೆಯುತ್ತಾರೆ. ಕಚೇರಿಯಲ್ಲಿ ನೋಡಿದರೆ ಗ್ರಾಹಕರ ಫೈಲಿಗೆ ಎಲ್ಲರಿಗೂ ಒಂದೇ ಪಾಸ್‌ವರ್ಡ್, ಅದೂ ಗೋಡೆಗೆ ಅಂಟಿಸಿರುತ್ತದೆ. ನೀವೇ ಗುಟ್ಟಾಗಿ ಇಟ್ಟುಕೊಳ್ಳದ್ದನ್ನು ಗುಟ್ಟು ಎಂದು ಕೋರ್ಟು ಹೇಗೆ ಒಪ್ಪೀತು? ಆದ್ದರಿಂದ ಮೊದಲು ಒಂದು ಪುಟದ ಪಟ್ಟಿ ಮಾಡಿ: ಯಾವ ಮಾಹಿತಿ, ಎಲ್ಲಿದೆ, ಯಾರಿಗೆ ಬೇಕು. ಬೇಕಾದವರಿಗಷ್ಟೇ ಪ್ರತ್ಯೇಕ ಲಾಗಿನ್ ಕೊಡಿ. ಯಾರು ಯಾವಾಗ ಏನು ಡೌನ್‌ಲೋಡ್ ಮಾಡಿದರು ಅನ್ನುವ ದಾಖಲೆ ಉಳಿಯುವಂತೆ ನೋಡಿಕೊಳ್ಳಿ. ಮುಂದೆ ವಿವಾದವಾದರೆ ಕರಾರಿಗಿಂತ ಆ ದಾಖಲೆಯೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಗೋಪ್ಯತಾ ಕರಾರಿಗೆ ಆ ಪಟ್ಟಿಯನ್ನೇ ಲಗತ್ತಿಸಿ. ಗ್ರಾಹಕರನ್ನು ಸೆಳೆಯಬಾರದು ಎಂಬ ಷರತ್ತು ಬೇಕಿದ್ದರೆ, ಆ ಉದ್ಯೋಗಿ ಕೊನೆಯ 12 ತಿಂಗಳಲ್ಲಿ ಖುದ್ದಾಗಿ ವ್ಯವಹರಿಸಿದ ಗ್ರಾಹಕರಿಗೆ ಮಾತ್ರ ಸೀಮಿತಗೊಳಿಸಿ, ಅವಧಿ 6 ರಿಂದ 12 ತಿಂಗಳು ಸಾಕು. ಗ್ರಾಹಕರೇ ತಾವಾಗಿ ಹುಡುಕಿಕೊಂಡು ಹೋದರೆ ಏನು ಅನ್ನುವುದನ್ನೂ ಬರೆಯಿರಿ. ಜಗಳ ಶುರುವಾಗುವುದು ಬಹುತೇಕ ಅಲ್ಲಿಂದಲೇ.

ನಿಜಕ್ಕೂ ಸೂಕ್ಷ್ಮ ಹುದ್ದೆಯಾದರೆ ಗಾರ್ಡನ್ ಲೀವ್ ಬಳಸಿ. ನೋಟಿಸ್ ಅವಧಿ ಪೂರ್ತಿ ಸಂಬಳ ಕೊಟ್ಟು, ಕೆಲಸದಿಂದ ದೂರವಿಡುವುದು. ಆಗ ಅವರಿನ್ನೂ ನಿಮ್ಮ ಉದ್ಯೋಗಿಯೇ, ಬೇರೆಡೆ ಸೇರುವಂತಿಲ್ಲ. ಅಷ್ಟರಲ್ಲಿ ಅವರಲ್ಲಿರುವ ಮಾಹಿತಿ ಹಳತಾಗುತ್ತದೆ, ಹೊಸಬರು ಗ್ರಾಹಕರ ಜೊತೆ ಪಳಗುತ್ತಾರೆ.

ಪ್ರತಿಕ್ರಿಯೆ (ಮಾಲೀಕರು): ಮನೆಯಲ್ಲಿ ಕೂರಿಸಿ ಸಂಬಳ ಕೊಡುವುದಾ? ದುಬಾರಿಯಾಯಿತು.

ಉತ್ತರ (ಸಲಹೆಗಾರರು): ದುಬಾರಿ, ಹೌದು. ಷರತ್ತು ಪುಕ್ಕಟೆಯಾದಾಗ ಆ ಖರ್ಚನ್ನೆಲ್ಲ ಉದ್ಯೋಗಿಯ ಮನೆಯವರು ಹೊರುತ್ತಾರೆ, ಅಷ್ಟೇ ವ್ಯತ್ಯಾಸ. ಜರ್ಮನಿಯಲ್ಲಿ ಕೆಲಸ ಬಿಟ್ಟ ನಂತರದ ತಡೆಗೆ ಕೊನೆಯ ವೇತನದ ಕನಿಷ್ಠ ಅರ್ಧ ಕೊಡಲೇಬೇಕು, ಗರಿಷ್ಠ ಅವಧಿ 2 ವರ್ಷ. ಚೀನಾದಲ್ಲೂ 2 ವರ್ಷವೇ ಮಿತಿ. ಪರಿಹಾರದ ಮೊತ್ತ ಮೊದಲೇ ಗೊತ್ತುಮಾಡಿಕೊಂಡಿಲ್ಲದಿದ್ದರೆ ಕೊನೆಯ 12 ತಿಂಗಳ ಸರಾಸರಿ ವೇತನದ ಶೇ. 30ರ ಲೆಕ್ಕ. ಕೈಯಿಂದ ದುಡ್ಡು ಕೊಡಬೇಕು ಎಂದಾಗ, ಎಲ್ಲ ನೌಕರರಿಗೂ ಹಾಕಿದ್ದ ಷರತ್ತು ನಿಜವಾಗಿ ಬೇಕಾದ ಇಬ್ಬರು ಮೂವರಿಗೆ ಇಳಿಯುತ್ತದೆ.

ಪ್ರಶ್ನೆ (ಇನ್ನೊಬ್ಬರು): ಅಮೆರಿಕದಲ್ಲಿ ಇದನ್ನೆಲ್ಲ ನಿಷೇಧಿಸಿದರಲ್ಲ?

ಉತ್ತರ (ವಕೀಲರು): ಜಾರಿಗೆ ಬರಲಿಲ್ಲ. ವ್ಯಾಪಾರದ ಮೇಲೆ ನಿಗಾ ಇಡುವ ಅಲ್ಲಿನ ಕೇಂದ್ರ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2024ರ ಏಪ್ರಿಲ್‌ನಲ್ಲಿ ಇಂಥ ಷರತ್ತುಗಳನ್ನು ಬಹುಪಾಲು ನಿಷೇಧಿಸುವ ನಿಯಮ ತಂದಿತು. ಅದು ಆ ಸೆಪ್ಟೆಂಬರ್‌ನಲ್ಲಿ ಜಾರಿಯಾಗಬೇಕಿತ್ತು. ಆಗಸ್ಟ್‌ನಲ್ಲೇ ಟೆಕ್ಸಾಸ್‌ನ ಫೆಡರಲ್ ಕೋರ್ಟ್ ರದ್ದುಮಾಡಿತು. ಹಾಗಾಗಿ ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು.

ಪ್ರಶ್ನೆ (ಮಾಲೀಕರು): ತರಬೇತಿಗೆ ಖರ್ಚು ಮಾಡಿರುತ್ತೇವೆ. ಬಾಂಡ್ ಬರೆಸಿಕೊಳ್ಳಬಹುದೇ?

ಉತ್ತರ (ವಕೀಲರು): ಬಹುದು, ಅದು ಬೇರೆ ವಿಚಾರ. 2025ರ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ ಗೊತ್ತುಪಡಿಸಿದ ಮೊತ್ತ ಕಟ್ಟಬೇಕು ಎಂಬ ಷರತ್ತನ್ನು ಭಾರತದ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಅದು ಉದ್ಯೋಗದ ಅವಧಿಗೆ ಸಂಬಂಧಿಸಿದ್ದು, ಮುಂದಿನ ಕೆಲಸಕ್ಕೆ ಅಡ್ಡಿಯಲ್ಲ ಅನ್ನುವುದು ಕಾರಣ. ಆದರೆ ಮೊತ್ತ ದಂಡದಂತೆ ಇರಬಾರದು. ತರಬೇತಿಯ ಬಿಲ್ಲುಗಳನ್ನು ಇಟ್ಟುಕೊಳ್ಳಿ, ತಿಂಗಳು ಕಳೆದಂತೆ ಬಾಕಿ ಇಳಿಯುವ ಹಾಗೆ ಬರೆಯಿರಿ. 24 ತಿಂಗಳ ಬಾಂಡ್, 18 ತಿಂಗಳು ದುಡಿದು ಬಿಟ್ಟರೆ ಖರ್ಚಿನ ಕಾಲುಭಾಗ ಮಾತ್ರ ಕೇಳಬೇಕು. ಹದಿನೆಂಟು ತಿಂಗಳ ದುಡಿಮೆಯಲ್ಲಿ ಉಳಿದದ್ದನ್ನು ಅವರು ತೀರಿಸಿಯಾಗಿದೆ.

ಪ್ರಶ್ನೆ (ಮೊದಲ ಉದ್ಯೋಗಿ): ಬಿಡುವಾಗ ನಾನು ಏನು ಜಾಗ್ರತೆ ವಹಿಸಬೇಕು?

ಉತ್ತರ (ವಕೀಲರು): ಕೊನೆಯ ವಾರ ಕಚೇರಿಯ ಮೇಲ್‌ನಿಂದ ಸ್ವಂತ ಮೇಲ್‌ಗೆ ಏನನ್ನೂ ಕಳಿಸಬೇಡಿ, ನಿಮ್ಮದೇ ಮಾದರಿ ಕೆಲಸವಾದರೂ ಬೇಡ. ಇಂಥ ದಾವೆಗಳಲ್ಲಿ ಎದುರು ವಕೀಲರು ಮೊದಲು ತೆಗೆದಿಡುವ ಸಾಕ್ಷ್ಯ ಅದೇ. ಸಂಬಳದ ಚೀಟಿ, ನೇಮಕಾತಿ ಪತ್ರದಂಥ ನಿಮ್ಮ ದಾಖಲೆಗಳನ್ನು ಬಾಯಲ್ಲಿ ಕೇಳದೆ ಲಿಖಿತವಾಗಿ ಕೇಳಿ ಪಡೆಯಿರಿ. ಸ್ವಂತ ಫೋನಿನಲ್ಲಿ ಗ್ರಾಹಕರ ನಂಬರುಗಳು, ಚಾಟ್ ಬ್ಯಾಕಪ್ ತಾನಾಗಿಯೇ ಉಳಿದಿರುತ್ತವೆ. ಅವನ್ನು ಗುಟ್ಟಾಗಿ ಅಳಿಸಿದರೆ ಸಾಕ್ಷ್ಯನಾಶದ ಆರೋಪ ಬರಬಹುದು. "ಇಂಥಿಂಥವು ನನ್ನ ಫೋನಿನಲ್ಲಿವೆ, ಏನು ಮಾಡಲಿ?" ಎಂದು ಎಚ್‌ಆರ್‌ಗೆ ಮೇಲ್ ಹಾಕಿ, ಉತ್ತರ ಬಂದ ಮೇಲೆ ಅವರು ಹೇಳಿದಂತೆ ಅಳಿಸಿ. ಆ ಉತ್ತರದ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ.