ಸಿ1 ಅಡ್ವಾನ್ಸ್ಡ್ ಪರೀಕ್ಷೆ: ವ್ಯಾಕರಣ ಗೊತ್ತಿದ್ದೂ ಅಂಕ ಬರುತ್ತಿಲ್ಲ, ತಯಾರಿ ಹೇಗೆ?

ಪ್ರಶ್ನೆ (ಗುಬ್ಬಿ ಮೇಡಂ)

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಹನ್ನೊಂದು ವರ್ಷಗಳಿಂದ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ಗುಬ್ಬಿ ತಾಲ್ಲೂಕಿನ ನಮ್ಮೂರಿನಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವಳು. ಐದನೆಯ ತರಗತಿಯಲ್ಲಿ ಎಬಿಸಿಡಿ ಕಲಿತು, ಮುಂದೆ ಅದೇ ಭಾಷೆಯಲ್ಲಿ ಎಂ.ಎ. ಮಾಡಿಕೊಂಡೆ. ಈ ಡಿಸೆಂಬರಿನಲ್ಲಿ ಇಂಗ್ಲಿಷ್ ಎಷ್ಟು ಬರುತ್ತದೆಂದು ಅಳೆಯುವ ಕೇಂಬ್ರಿಡ್ಜ್‌ನ ಸಿ1 ಅಡ್ವಾನ್ಸ್ಡ್ ಪರೀಕ್ಷೆಯನ್ನು ಬೆಂಗಳೂರಿನಲ್ಲಿ ಬರೆಯಬೇಕೆಂದುಕೊಂಡಿದ್ದೇನೆ. ಹೊರದೇಶದಲ್ಲಿ ಶಿಕ್ಷಣಶಾಸ್ತ್ರ ಓದುವ ಆಸೆ ಎಂದಾದರೂ ಕೈಗೂಡಿದರೆ ಬೇಕಾದೀತು ಎಂಬುದು ಒಂದು ಕಾರಣ. ಮಕ್ಕಳಿಗೆ ಕಲಿಸುವ ಭಾಷೆ ನನಗೇ ಎಷ್ಟರಮಟ್ಟಿಗೆ ಬರುತ್ತದೆ ಎಂಬುದನ್ನು ಹೊರಗಿನವರು ತೂಗಿ ಹೇಳಲಿ ಎಂಬುದು ಇನ್ನೊಂದು, ನಿಜವಾದದ್ದು.

ಕಳೆದ ಭಾನುವಾರ ಮಾದರಿ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿದೆ. ದೊಡ್ಡ ಗದ್ಯಭಾಗಗಳನ್ನು ಓದಿ ಉತ್ತರಿಸುವುದು ಕಷ್ಟವಾಗಲಿಲ್ಲ. ಆದರೆ ಬಿಟ್ಟ ಸ್ಥಳಕ್ಕೆ ಒಂದೇ ಪದ ತುಂಬುವ ಎಂಟು ಪ್ರಶ್ನೆಗಳಲ್ಲಿ ಮೂರು ಮಾತ್ರ ಸರಿಯಾದವು. ಕೊಟ್ಟ ಪದವನ್ನು ಬಳಸಿ ವಾಕ್ಯವನ್ನು ಬೇರೆ ರೀತಿಯಲ್ಲಿ ಬರೆಯುವ ಭಾಗದಲ್ಲಿ ಹನ್ನೆರಡಕ್ಕೆ ನಾಲ್ಕು ಅಂಕ ಬಂತು. ಕೇಳಿ ಬರೆಯುವ ಪತ್ರಿಕೆಯಲ್ಲಿ ಎರಡು ಸಲ ಕೇಳಿಸಿದರೂ ಕೆಲವು ಮಾತುಗಳು ಕಿವಿಗೇ ಬೀಳಲಿಲ್ಲ. ಕರ್ಮಣಿ ಪ್ರಯೋಗ, ಷರತ್ತಿನ ವಾಕ್ಯಗಳು, ಉಪವಾಕ್ಯಗಳು ಎಲ್ಲವನ್ನೂ ಕಪ್ಪುಹಲಗೆಯ ಮೇಲೆ ಬರೆದು ಕಲಿಸುವವಳಿಗೆ ಇದು ತುಸು ಅವಮಾನವೇ ಆಯಿತು. ತರಬೇತಿ ಕೇಂದ್ರವೊಂದರಲ್ಲಿ ವಿಚಾರಿಸಿದಾಗ ಮೂರು ಸಾವಿರ ಪದಗಳ ಪಟ್ಟಿಯೊಂದನ್ನು ಕೈಗಿತ್ತು, ಬಾಯಿಪಾಠ ಮಾಡಿಕೊಂಡು ಬನ್ನಿ ಎಂದರು. ಮೂರು ವಾರ ಮಾಡಿದೆ, ಅಂಕ ಕದಲಲಿಲ್ಲ. ಕನ್ನಡ ಮಾಧ್ಯಮದಿಂದ ಬಂದು ಈ ಪರೀಕ್ಷೆ ಬರೆದವರು ಯಾರಾದರೂ ಇದ್ದರೆ, ನೀವು ಹೇಗೆ ತಯಾರಿ ನಡೆಸಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ 1 (ಕ್ಯಾತ್ಸಂದ್ರದವನು)

ಮೇಡಂ, ಆ ಪಟ್ಟಿಯನ್ನು ಮೊದಲು ಕಪಾಟಿನೊಳಗಿಡಿ. ನಾನೂ ಕನ್ನಡ ಮಾಧ್ಯಮದವನೇ, ಅನುವಾದದ ಕೆಲಸ ಮಾಡುತ್ತೇನೆ. ಮೊದಲ ಸಲ ಈ ಪರೀಕ್ಷೆ ಬರೆದಾಗ ನನಗೆ ಬಂದದ್ದು 171. ಸಿ1 ಮಟ್ಟಕ್ಕೆ ಕನಿಷ್ಠ 180 ಬೇಕು. 160ರಿಂದ 179ರ ನಡುವೆ ಬಂದವರಿಗೆ ಒಂದು ಮೆಟ್ಟಿಲು ಕೆಳಗಿನ ಬಿ2 ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ತೆಗೆದುಕೊಂಡು ತೆಪ್ಪಗೆ ಮನೆಗೆ ಬಂದು, ತಪ್ಪಿದ್ದೆಲ್ಲಿ ಎಂದು ಕೂತು ನೋಡಿದಾಗ ತಿಳಿಯಿತು: ನನಗೆ ಪದಗಳು ಕಡಿಮೆ ಇರಲಿಲ್ಲ, ಯಾವ ಪದ ಯಾವುದರ ಜೊತೆಗೆ ಸಂಸಾರ ಮಾಡುತ್ತದೆ ಎಂಬುದು ಗೊತ್ತಿರಲಿಲ್ಲ.

ನಿಮ್ಮ ಪ್ರಶ್ನೆಯಲ್ಲೇ ‘ಆಸೆ ಕೈಗೂಡಿದರೆ’ ಎಂದು ಬರೆದಿದ್ದೀರಿ. ಕನ್ನಡ ಕಲಿಯಲು ಬಂದ ಹೊರಗಿನವರೊಬ್ಬರಿಗೆ ‘ಕೈ’ ಗೊತ್ತು, ‘ಕೂಡು’ ಗೊತ್ತು ಎಂದಿಟ್ಟುಕೊಳ್ಳಿ. ಅಷ್ಟರಿಂದ ಅವರಿಗೆ ‘ಕೈಗೂಡು’ ತಿಳಿಯುತ್ತದೆಯೇ? ಕೈಕೊಡುವುದು ಸಹಾಯವಲ್ಲ, ಮೋಸ. ಕೈಬಿಡುವುದು, ಕೈಹಿಡಿಯುವುದು, ಕೈಹಾಕುವುದು, ಕೈಮಾಡುವುದು, ಕೈಚೆಲ್ಲುವುದು ಒಂದೊಂದೂ ಒಂದೊಂದು ದಿಕ್ಕು. ಇಂಗ್ಲಿಷಿನ ‘ಟರ್ನ್ ಅಪ್’, ‘ಟರ್ನ್ ಡೌನ್’, ‘ಟರ್ನ್ ಔಟ್’ಗಳೂ ಹೀಗೆಯೇ. ಜೋರು ಮಳೆ ಎನ್ನುತ್ತೇವೆ, ಗಟ್ಟಿ ಮಳೆ ಎನ್ನುವುದಿಲ್ಲ. ಮೊಸರು ಮಾತ್ರ ಗಟ್ಟಿ. ಅವರಲ್ಲಿಯೂ ಮಳೆ ‘ಹೆವಿ’, ಕಾಫಿ ‘ಸ್ಟ್ರಾಂಗ್’. ಪದಗಳನ್ನು ಒಂಟಿಯಾಗಿ ಬರೆದಿಟ್ಟುಕೊಳ್ಳುವ ಪಟ್ಟಿ ಸೋಲುವುದು ಇಲ್ಲಿಯೇ. ಒಂದು ಪದ ಸಿಕ್ಕಿದಾಗ ಅದರ ಹಿಂದಿನ ಮುಂದಿನ ಎರಡು ಮೂರು ಪದಗಳ ಸಮೇತ ಇಡೀ ತುಣುಕನ್ನೇ ನೋಟ್‌ಬುಕ್ಕಿಗೆ ಇಳಿಸಿ.

ಒಂದೇ ಪದ ತುಂಬುವ ಭಾಗದಲ್ಲಿ ಬರುವವು ದೊಡ್ಡ ಪದಗಳಲ್ಲ. ‘ದಿ’, ‘ಆಫ್’, ‘ವಿಚ್’, ‘ದೋ’ ಇಂಥವು. ನಮಗೆ ಇವು ತೊಡಕಾಗುವುದಕ್ಕೆ ಕಾರಣವಿದೆ. ಕನ್ನಡದಲ್ಲಿ ವಿಭಕ್ತಿ ನಾಮಪದಕ್ಕೆ ಅಂಟಿಕೊಂಡೇ ಬರುತ್ತದೆ. ಬಸ್ಸಿನಲ್ಲಿ ಹೋದರೂ ಕಾರಿನಲ್ಲಿ ಹೋದರೂ ನಮಗೆ ಅದೇ ‘ಅಲ್ಲಿ’. ಇಂಗ್ಲಿಷಿನಲ್ಲಿ ಬಸ್ಸಿಗೆ ‘ಆನ್’, ಕಾರಿಗೆ ‘ಇನ್’. ‘ಎ’ ಮತ್ತು ‘ದಿ’ಗಳಿಗಂತೂ ನಮ್ಮಲ್ಲಿ ಜಾಗವೇ ಇಲ್ಲ. ಹಾಗಾಗಿ ಓದುವಾಗ ನಮ್ಮ ಕಣ್ಣು ಇವುಗಳ ಮೇಲೆ ನಿಲ್ಲದೆ ಜಾರಿಬಿಡುತ್ತದೆ. ನಾನು ಮಾಡಿಕೊಂಡ ಉಪಾಯ ಬಹಳ ಸರಳವಾದದ್ದು. ರಾತ್ರಿ ಒಂದು ಇಂಗ್ಲಿಷ್ ಪತ್ರಿಕೆಯ ಲೇಖನದ ಎರಡು ಪ್ಯಾರಾಗಳನ್ನು ಬಿಳಿ ಹಾಳೆಗೆ ನಕಲು ಮಾಡುತ್ತಿದ್ದೆ. ನಕಲು ಮಾಡುವಾಗ ಸಣ್ಣ ಪದಗಳನ್ನೆಲ್ಲ ಬಿಟ್ಟು ಗೆರೆ ಎಳೆಯುತ್ತಿದ್ದೆ. ಬೆಳಿಗ್ಗೆ ಯಶವಂತಪುರಕ್ಕೆ ಹೋಗುವ ರೈಲಿನಲ್ಲಿ ಕೂತು ಪೆನ್ಸಿಲ್ಲಿನಿಂದ ತುಂಬುತ್ತಿದ್ದೆ. ಮೊದಲ ವಾರ ಹಾಳೆಯ ತುಂಬ ಕೆಂಪು ಶಾಯಿ. ಎರಡು ತಿಂಗಳಾಗುವಷ್ಟರಲ್ಲಿ, ಇಲ್ಲಿ ಏನೋ ಕೊಂಡಿ ಕಳಚಿದೆ ಎಂಬುದು ತಾನಾಗಿ ಕಣ್ಣಿಗೆ ಕಾಣತೊಡಗಿತು.

ವಾಕ್ಯ ಬದಲಿಸುವ ಭಾಗಕ್ಕೆ ಬೇರೆಯದೇ ಪಳಗುವಿಕೆ ಬೇಕು. ‘ಐ ರಿಗ್ರೆಟ್ ನಾಟ್ ಟೇಕಿಂಗ್ ಹಿಸ್ ಅಡ್ವೈಸ್’ ಎಂಬ ವಾಕ್ಯ ಕೊಟ್ಟು, ‘ವಿಶ್’ ಎಂಬ ಪದ ಬಳಸಿ ಎನ್ನುತ್ತಾರೆ ಎಂದುಕೊಳ್ಳಿ. ‘ಐ’ ಮತ್ತು ‘ಹಿಸ್ ಅಡ್ವೈಸ್’ ಮೊದಲೇ ಅಚ್ಚಾಗಿರುತ್ತವೆ. ನಡುವೆ ‘ವಿಶ್ ಐ ಹ್ಯಾಡ್ ಟೇಕನ್’ ಎಂದು ನೀವು ತುಂಬಬೇಕು. ಉತ್ತರ ಮೂರರಿಂದ ಆರು ಪದಗಳೊಳಗೆ ಇರಬೇಕು, ಕೊಟ್ಟ ಪದದ ರೂಪವನ್ನು ಒಂದಿಷ್ಟೂ ಬದಲಿಸುವಂತಿಲ್ಲ. ವಾಕ್ಯವನ್ನು ನೋಡಿದ ಕೂಡಲೇ ನಾನು ಒಳಗೊಳಗೇ ಕನ್ನಡದಲ್ಲಿ ‘ಅವರ ಮಾತು ಕೇಳದೆ ಕೆಟ್ಟೆ’ ಎಂದುಕೊಂಡು, ಇದನ್ನೇ ಇನ್ನೊಂದು ರೀತಿಯಲ್ಲಿ ‘ಅವರ ಮಾತು ಕೇಳಬೇಕಿತ್ತು’ ಎನ್ನಬಹುದಲ್ಲ ಎಂದು ಯೋಚಿಸುತ್ತಿದ್ದೆ. ದಾರಿ ಅರ್ಧ ಅಲ್ಲಿಯೇ ತೆರೆದುಕೊಳ್ಳುತ್ತಿತ್ತು. ಈ ಭಾಗದಲ್ಲಿ ಆರೇ ಪ್ರಶ್ನೆಗಳಿದ್ದರೂ ಒಂದೊಂದಕ್ಕೆ ಎರಡೆರಡು ಅಂಕ. ಅರ್ಧ ಸರಿಯಾದರೆ ಒಂದು ಸಿಗುತ್ತದೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಯಾವುದನ್ನೂ ಖಾಲಿ ಬಿಡಬೇಡಿ.

ಇನ್ನೊಂದು ಲೆಕ್ಕ ನಿಮಗೆ ತಿಳಿದಿರಲಿ. ಓದು ಮತ್ತು ಭಾಷಾಬಳಕೆ ಎರಡೂ ಒಂದೂವರೆ ಗಂಟೆಯ ಒಂದೇ ಪತ್ರಿಕೆಯಲ್ಲಿ ಬಂದರೂ ಅವುಗಳಿಗೆ ಬೇರೆಬೇರೆ ಅಂಕ ಲೆಕ್ಕ ಹಾಕುತ್ತಾರೆ. ಬರವಣಿಗೆ, ಆಲಿಸುವಿಕೆ, ಮಾತು ಸೇರಿ ಐದು ಪಾಲು, ಐದರ ಸರಾಸರಿಯೇ ಕೊನೆಯ ಅಂಕ. ಅಂದರೆ ನಿಮಗೆ ಕೈಕೊಡುತ್ತಿರುವ ಆ ಭಾಷಾಬಳಕೆಯೇ, ಅಂದರೆ ಆ ಪತ್ರಿಕೆಯ ಎರಡು, ಮೂರು, ನಾಲ್ಕನೆಯ ಭಾಗಗಳೇ, ಇಡೀ ಪರೀಕ್ಷೆಯ ಐದನೆಯ ಒಂದು ಪಾಲು. ನನ್ನ 171 ಎರಡನೆಯ ಸಲ 191 ಆದದ್ದರಲ್ಲಿ ಇದರ ಪಾಲೂ ದೊಡ್ಡದು.

ಬರವಣಿಗೆಯ ಬಗ್ಗೆ ಒಂದೇ ಮಾತು. ಕಡ್ಡಾಯ ಪ್ರಬಂಧದಲ್ಲಿ ಮೂರು ಅಂಶಗಳನ್ನು ಕೊಟ್ಟು, ಎರಡನ್ನು ಮಾತ್ರ ಚರ್ಚಿಸಿ, ಯಾವುದು ಹೆಚ್ಚಿನದೆಂದು ಕಾರಣ ಸಮೇತ ಹೇಳಿ ಎನ್ನುತ್ತಾರೆ. ನಾವು ಪಬ್ಲಿಕ್ ಪರೀಕ್ಷೆಗಳಲ್ಲಿ ಪುಟ ತುಂಬಿಸಿ ಬೆಳೆದವರು. ಮೊದಲ ಸಲ ನಾನು ಮೂರನ್ನೂ ಬರೆದು, 260 ಪದಗಳ ಮಿತಿ ದಾಟಿ, ಯಾವುದನ್ನೂ ನೆಟ್ಟಗೆ ಬೆಳೆಸದೆ ಬಂದೆ.

ಉತ್ತರ 2 (ಅಮಾನಿಕೆರೆ ದಡ)

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಒಂದು ಸಣ್ಣ ತಕರಾರಿನೊಂದಿಗೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತರುವುದು ಬರವಣಿಗೆಗೆ ನೆರವಾಗಬಹುದು. ಆಲಿಸುವಾಗ ಮತ್ತು ಮಾತನಾಡುವಾಗ ಅದಕ್ಕೆ ಪುರುಸೊತ್ತು ಇರುವುದಿಲ್ಲ.

ಕಿವಿಗೆ ಬೀಳಲಿಲ್ಲ ಎಂದಿರಲ್ಲ ಮೇಡಂ, ಅದಕ್ಕೆ ಕಾರಣ ನಿಮ್ಮ ಕಿವಿಯಲ್ಲ. ಕನ್ನಡದಲ್ಲಿ ಪ್ರತಿ ಅಕ್ಷರವನ್ನೂ ಬಿಡಿಸಿ, ಹೆಚ್ಚುಕಡಿಮೆ ಒಂದೇ ತೂಕದಲ್ಲಿ ನುಡಿಯುತ್ತೇವೆ. ಇಂಗ್ಲಿಷ್ ಆಡುವವರು ಒತ್ತು ಬೀಳುವ ಪದವನ್ನು ಮಾತ್ರ ಎತ್ತಿ, ಉಳಿದದ್ದನ್ನು ನುಂಗುತ್ತಾರೆ. ‘ಶುಡ್ ಹ್ಯಾವ್ ಬೀನ್’ ಎಂಬ ಮೂರು ಪದಗಳು ‘ಶುಡವ್‌ಬಿನ್’ ಎಂಬ ಒಂದೇ ಮುದ್ದೆಯಾಗಿ ಬಂದು ಬೀಳುತ್ತವೆ. ಬರೆದದ್ದನ್ನು ನೋಡಿ ಇಂಗ್ಲಿಷ್ ಕಲಿತ ನಮಗೆ ಆ ಮುದ್ದೆಯ ಗುರುತೇ ಇರುವುದಿಲ್ಲ. ಹೀಗೆ ಮಾಡಿ: ಬರಹರೂಪವೂ ಸಿಗುವ ಎರಡು ನಿಮಿಷದ ರೇಡಿಯೊ ಸಂಭಾಷಣೆಯೊಂದನ್ನು ಆರಿಸಿಕೊಂಡು, ಕೇಳುತ್ತಾ ನಿಲ್ಲಿಸುತ್ತಾ ಪೂರ್ತಿ ಬರೆದುಕೊಳ್ಳಿ, ಆಮೇಲೆ ಮೂಲದೊಂದಿಗೆ ಹೋಲಿಸಿ. ತಪ್ಪಿಹೋದವುಗಳಲ್ಲಿ ಹೆಚ್ಚಿನವು ಅದೇ ಸಣ್ಣ ಪದಗಳಾಗಿರುತ್ತವೆ. ನಂತರ ಕಣ್ಣು ಮುಚ್ಚಿ, ಅವರ ಜೊತೆಜೊತೆಗೇ ಅದೇ ಓಟದಲ್ಲಿ ಹೇಳಿ. ನಾನು ಸಂಜೆ ಕೆರೆಯ ಸುತ್ತ ನಡೆಯುವಾಗ ಹೀಗೆ ಗೊಣಗುತ್ತಾ ಹೋಗುತ್ತಿದ್ದೆ. ಎದುರು ಬರುವವರು ಫೋನಿನಲ್ಲಿ ಜಗಳವಾಡುತ್ತಿದ್ದಾಳೆ ಎಂದುಕೊಂಡಿರಬೇಕು.

ಆಲಿಸುವಿಕೆಯ ನಾಲ್ಕು ಭಾಗಗಳಲ್ಲಿ ಎರಡನೆಯದರಲ್ಲಿ ಒಬ್ಬರೇ ಮಾತನಾಡುತ್ತಾರೆ, ನಾವು ಎಂಟು ಬಿಟ್ಟ ಸ್ಥಳಗಳನ್ನು ತುಂಬುತ್ತೇವೆ. ಧ್ವನಿಮುದ್ರಣ ಶುರುವಾಗುವ ಮುಂಚೆ ಓದಿಕೊಳ್ಳಲು ಸಮಯ ಕೊಡುತ್ತಾರೆ; ಆಗಲೇ ಪ್ರತಿ ಗೆರೆಯ ಪಕ್ಕದಲ್ಲಿ, ಇಲ್ಲಿ ವಸ್ತುವೊಂದರ ಹೆಸರು ಬರಬೇಕು, ಇಲ್ಲಿ ಭಾವನೆಯನ್ನು ಹೇಳುವ ಪದ ಬರಬೇಕು ಎಂದು ಗುರುತು ಹಾಕಿಕೊಳ್ಳಿ. ಹೊಂದುವಂಥ ಬೇರೆ ಪದವೊಂದು ಮೊದಲೇ ಕಿವಿಗೆ ಬಿದ್ದು ಮೋಸ ಮಾಡುತ್ತದೆ, ಅವಸರಪಟ್ಟು ಬರೆಯಬೇಡಿ.

ಮಾತಿನ ಪರೀಕ್ಷೆಗೆ ಇಬ್ಬಿಬ್ಬರನ್ನು ಜೊತೆಯಾಗಿ ಒಳಗೆ ಕರೆಯುತ್ತಾರೆ. ಎದುರಿಗೆ ಇಬ್ಬರು ಪರೀಕ್ಷಕರು. ಒಬ್ಬರು ಮಾತನಾಡಿಸುತ್ತಾರೆ, ಇನ್ನೊಬ್ಬರು ಸುಮ್ಮನೆ ಕೂತು ಬರೆದುಕೊಳ್ಳುತ್ತಾರೆ. ಒಟ್ಟು ಹದಿನೈದು ನಿಮಿಷ. ಅದರಲ್ಲಿ ಮೂರು ಚಿತ್ರಗಳನ್ನು ಕೊಟ್ಟು, ಎರಡನ್ನು ಹೋಲಿಸಿ ಒಂದು ನಿಮಿಷ ಮಾತನಾಡಿ ಎನ್ನುತ್ತಾರೆ. ನಾನು ಹೆದರಿಕೆಯಲ್ಲಿ ಮೂರನ್ನೂ ವರ್ಣಿಸಲು ಹೊರಟೆ. ಛತ್ರಿ ಹಿಡಿದ ಮುದುಕನ ಕೋಟಿನ ಬಣ್ಣ ಹೇಳಿ ಮುಗಿಸುವುದರೊಳಗೆ ನಿಮಿಷ ಕಳೆದಿತ್ತು. ಅವರಿಗೆ ಬೇಕಾದದ್ದು ಕೋಟಿನ ಬಣ್ಣವಲ್ಲ; ಈತ ಯಾರಿಗೋ ಕಾಯುತ್ತಿರಬಹುದು, ಆಕೆಗಿಂತ ಈತನಿಗೆ ಹೆಚ್ಚು ಬೇಸರವಾಗಿರುವಂತಿದೆ ಎಂಬಂಥ ಊಹೆಯ, ಹೋಲಿಕೆಯ ಮಾತು. ಮೂರನೆಯ ಭಾಗದಲ್ಲಿ ಜೊತೆಯವರೊಂದಿಗೆ ಚರ್ಚಿಸಬೇಕು. ನೀವು ಶಿಕ್ಷಕಿಯಾದ್ದರಿಂದ ಎಚ್ಚರಿಸುತ್ತಿದ್ದೇನೆ, ತಪ್ಪು ತಿಳಿಯಬೇಡಿ: ಜೊತೆಯವರಿಗೆ ಪಾಠ ಮಾಡಬೇಡಿ. ಅವರ ಮಾತನ್ನು ಹಿಡಿದು ಮುಂದಕ್ಕೆ ಬೆಳೆಸುವುದಕ್ಕೂ ಅಂಕವಿದೆ.

ಉತ್ತರ 3 (ಶಿರಾ ಗೇಟ್)

ಮುಂದೆ ಓದಲು ಹೋಗುವ ಆಸೆಯಿದೆ ಎಂದಿದ್ದರಿಂದ ಒಂದು ವಿಷಯ. ಹೊರದೇಶಕ್ಕೆ ಓದಲು ಹೋಗುವವರು ಬರೆಯುವ ಐಇಎಲ್‌ಟಿಎಸ್ ಎಂಬ ಇನ್ನೊಂದು ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಸಾಮಾನ್ಯವಾಗಿ ಎರಡು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ. ಸಿ1 ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದಿಲ್ಲ. ಆದರೂ ವಿಶ್ವವಿದ್ಯಾಲಯ ಒಪ್ಪುವುದು ಬೇರೆ, ವೀಸಾ ಕೊಡುವವರು ಕೇಳುವುದು ಬೇರೆ. ಶುಲ್ಕ ಕಟ್ಟುವ ಮುಂಚೆ ಎರಡೂ ಕಡೆ ವಿಚಾರಿಸಿಕೊಳ್ಳಿ. ಬಿ2ರಿಂದ ಸಿ1ಕ್ಕೆ ಏರಲು ಸುಮಾರು 200 ಗಂಟೆಗಳ ಮಾರ್ಗದರ್ಶಿತ ಕಲಿಕೆ ಬೇಕೆಂದು ಕೇಂಬ್ರಿಡ್ಜ್‌ನವರೇ ಅಂದಾಜು ಹೇಳುತ್ತಾರೆ. ನಿಮ್ಮ ಓದು ಆಗಲೇ ಮೇಲಿದೆಯಾದ್ದರಿಂದ ಅಷ್ಟು ಬೇಕಾಗದಿರಬಹುದು. ಆದರೂ ಶಾಲೆಯ ಕೆಲಸದ ನಡುವೆ ದಿನಕ್ಕೆ ಎಷ್ಟು ಗಂಟೆ ಸಿಗುತ್ತದೆಂದು ಲೆಕ್ಕ ಹಾಕಿಯೇ ತಿಂಗಳನ್ನು ಗೊತ್ತುಮಾಡಿ.

ಮರುಪ್ರಶ್ನೆ (ಗುಬ್ಬಿ ಮೇಡಂ)

ತಮ್ಮೆಲ್ಲರಿಗೂ ಕೃತಜ್ಞತೆಗಳು. ಹತ್ತು ದಿನಗಳಿಂದ ಸಣ್ಣ ಪದಗಳನ್ನು ಬಿಟ್ಟು ನಕಲು ಮಾಡುತ್ತಿದ್ದೇನೆ. ನಿನ್ನೆ ಹದಿನೆಂಟು ಗೆರೆಗಳಲ್ಲಿ ಹನ್ನೊಂದು ಸರಿಯಾದವು. ಇದರ ನಡುವೆ ನಾಚಿಕೆಯ ಸಂಗತಿಯೊಂದು ಬಯಲಾಯಿತು. ನಾನು ಇಷ್ಟು ವರ್ಷ ‘ಡಿಸ್ಕಸ್ ಎಬೌಟ್’, ‘ಕೋಪ್ ಅಪ್ ವಿತ್’ ಎಂದೇ ಬಳಸುತ್ತಿದ್ದೆ, ಮಕ್ಕಳ ನೋಟ್‌ಬುಕ್ಕಿನಲ್ಲಿಯೂ ಅದನ್ನು ಸರಿ ಎಂದೇ ಬಿಟ್ಟಿದ್ದೇನೆ. ಮೊದಲನೆಯದರಲ್ಲಿ ‘ಎಬೌಟ್’, ಎರಡನೆಯದರಲ್ಲಿ ‘ಅಪ್’ ಬೇಡವೇ ಬೇಡ ಎಂದು ಈಗ ತಿಳಿಯಿತು. ಸೋಮವಾರ ಒಂಬತ್ತನೆಯ ತರಗತಿಯಲ್ಲಿ ಅದನ್ನು ಒಪ್ಪಿಕೊಂಡು ತಿದ್ದಿದೆ. ನಮ್ಮಲ್ಲಿ ಎಲ್ಲರೂ ಹೀಗೆಯೇ ಆಡುವಾಗ, ಪರೀಕ್ಷೆಯಲ್ಲಿ ಇಂಥವನ್ನೆಲ್ಲ ತಪ್ಪೆಂದೇ ಎಣಿಸುತ್ತಾರೆಯೇ?

ಉತ್ತರ 4 (ಕ್ಯಾತ್ಸಂದ್ರದವನು)

ಬಿಟ್ಟ ಸ್ಥಳ ತುಂಬುವಲ್ಲಿ ಮತ್ತು ವಾಕ್ಯ ಬದಲಿಸುವಲ್ಲಿ ಹೌದು, ತಪ್ಪೇ. ಅಲ್ಲಿ ಪರೀಕ್ಷಕರ ವಿವೇಚನೆಗೆ ಎಡೆಯಿಲ್ಲ, ಉತ್ತರಪಟ್ಟಿಯಲ್ಲಿ ಇದ್ದದ್ದೇ ಸರಿ. ಪ್ರಬಂಧದಲ್ಲಿ ಮತ್ತು ಮಾತಿನಲ್ಲಿ ಅರ್ಥ ಕೆಡದಿದ್ದರೆ ಒಂದೆರಡು ತಪ್ಪುಗಳಿಂದ ಮುಳುಗುವುದಿಲ್ಲ. ಅರ್ಥ ಕೆಡುವಂಥವೇ ಅಪಾಯ. ‘2009ರಲ್ಲಿ ಕಾಲೇಜಿನಿಂದ ಪಾಸ್ಡ್ ಔಟ್ ಆದೆ’ ಎಂದು ನಾನು ನನ್ನ ಮಾತಿನ ಪರೀಕ್ಷೆಯಲ್ಲಿ ಹೇಳಿದೆ. ಅವರ ಕಿವಿಗೆ ಅದು ‘ಪ್ರಜ್ಞೆ ತಪ್ಪಿ ಬಿದ್ದೆ’ ಎಂದು ಕೇಳಿಸುತ್ತದೆ. ಮಾತನಾಡಿಸುತ್ತಿದ್ದವರು ನಗಲಿಲ್ಲ, ಸುಮ್ಮನಿದ್ದವರು ಏನೋ ಬರೆದುಕೊಂಡರು. ಅಂಥವನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬೇರೆಯಾಗಿಯೇ ಬರೆದಿಡಿ. ಹದಿನೆಂಟಕ್ಕೆ ಹನ್ನೊಂದು ಎಂದರೆ ಹತ್ತು ದಿನಕ್ಕೆ ಚೆನ್ನಾಗಿದೆ. ನನಗೆ ಆಗ ಏಳು ದಾಟಿರಲಿಲ್ಲ. ಉಳಿದ ಏಳು ಯಾವುವೆಂದು ಇಲ್ಲಿ ಬರೆಯಿರಿ, ಎಲ್ಲ ಒಂದೇ ಜಾತಿಯವೋ ಎಂದು ನೋಡೋಣ.