ರನ್ ಫಾರ್ ದ ವಾಲ್‌ಗೆ ತಯಾರಿ: ಇಂಟರ್‌ಸೆಪ್ಟರ್ 650 ಸಾಕಾ? ಹೋಗಿ ಬಂದವರು ಹೇಳಿ

ಜಿಗಣಿ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಅರಿಜೋನಾದ ಫೀನಿಕ್ಸ್‌ನಲ್ಲಿ 11 ವರ್ಷದಿಂದ ಇದ್ದೇನೆ. ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ. ವಯಸ್ಸು 43. ಬರುವ ಮೇ ತಿಂಗಳಲ್ಲಿ ರನ್ ಫಾರ್ ದ ವಾಲ್‌ಗೆ ಹೋಗಲು ಮನಸ್ಸು ಮಾಡಿದ್ದೇನೆ. ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿಕೊಡಿ.

ಗೊತ್ತಿಲ್ಲದವರಿಗೆ ಎರಡು ಮಾತು. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದಿದ್ದ ಜೇಮ್ಸ್ ಗ್ರೆಗರಿ, ಬಿಲ್ ಇವಾನ್ಸ್ ಎಂಬ ಇಬ್ಬರು 1989ರಲ್ಲಿ ಶುರು ಮಾಡಿದ ಬೈಕ್ ಸವಾರಿ ಇದು. ಕ್ಯಾಲಿಫೋರ್ನಿಯಾದ ಒಂಟಾರಿಯೋ ಊರಿನಿಂದ ಹೊರಟು ಹತ್ತು ದಿನಕ್ಕೆ ವಾಷಿಂಗ್ಟನ್ ಡಿಸಿ ಮುಟ್ಟುತ್ತಾರೆ. ಸತ್ತ ಸೈನಿಕರನ್ನು ನೆನೆಯುವ ಮೆಮೋರಿಯಲ್ ಡೇ ವಾರಾಂತ್ಯಕ್ಕೆ ಸರಿಯಾಗಿ ವಿಯೆಟ್ನಾಂ ಯೋಧರ ಸ್ಮಾರಕದ ಗೋಡೆ ಮುಂದೆ ನಿಲ್ಲುತ್ತಾರೆ. ಸೈನ್ಯದಲ್ಲಿ ಇದ್ದವರೇ ಆಗಬೇಕು ಅಂತಿಲ್ಲ, ಯಾರು ಬೇಕಾದರೂ ಸೇರಬಹುದು. ಬರಲು ಆಗದವರ ಪರವಾಗಿ ನಾವು ಹೋಗುತ್ತೇವೆ ಅನ್ನುವುದು ಅವರ ಘೋಷಣೆ.

ನಾನು ಯಾರ ಪರವಾಗಿ ಹೋಗುತ್ತಿದ್ದೇನೆ ಅನ್ನುವುದನ್ನೂ ಹೇಳುತ್ತೇನೆ. ನಮ್ಮ ಪಕ್ಕದ ಮನೆಯಲ್ಲಿ 77 ವರ್ಷದ ಹಿರಿಯರೊಬ್ಬರು ಇದ್ದಾರೆ. ನನ್ನ ಮಕ್ಕಳು ಅವರನ್ನು ತಾತ ಅಂತಲೇ ಕರೆಯುತ್ತಾರೆ. ಅವರೂ ಆ ಹೆಸರಿಗೆ ಓಗೊಡುತ್ತಾರೆ. 20ನೇ ವಯಸ್ಸಿನಲ್ಲಿ ಸೈನ್ಯಕ್ಕೆ ಕರೆ ಬಂತು, 1969 ಪೂರ್ತಿ ವಿಯೆಟ್ನಾಂನಲ್ಲಿ ಇದ್ದರು. ವಾಪಸ್ ಬಂದಾಗ ವಿಮಾನ ನಿಲ್ದಾಣದ ಟಾಯ್ಲೆಟ್‌ನಲ್ಲಿ ಯೂನಿಫಾರ್ಮ್ ಬಿಚ್ಚಿ, ಸಾದಾ ಅಂಗಿ ಹಾಕಿಕೊಂಡು ಮನೆಗೆ ಹೋದರಂತೆ. ಯಾರೂ ಏನೂ ಕೇಳದಿರಲಿ ಅಂತ. ಈ ಸವಾರಿಗೆ ಹೋಗಬೇಕು ಅಂತ ಅವರು ಒಮ್ಮೆ ಬ್ಯಾಗ್ ಕೂಡ ಕಟ್ಟಿದ್ದರು. ಹೊರಡಲು ಮೂರು ವಾರ ಇದ್ದಾಗ ಸ್ಟ್ರೋಕ್ ಆಯಿತು. ಈಗ ಎಡಗೈಯಲ್ಲಿ ಕ್ಲಚ್ ಹಿಡಿಯಲು ಆಗುವುದಿಲ್ಲ. ಹಾರ್ಲೆ ಮಾರಿಬಿಟ್ಟರು. ಆ ಗೋಡೆಯನ್ನು ಅವರು ಇವತ್ತಿನವರೆಗೂ ನೋಡಿಲ್ಲ.

ನಾನು ಗಾಡಿ ತೊಗೊಂಡ ದಿನ ಅವರು ಬೇಲಿ ಹತ್ತಿರ ಬಂದು, "ನಿನ್ನ ಊರು ಬೆಂಗಳೂರು ಅಲ್ವಾ? ನನ್ನ ಸ್ನೇಹಿತರ ಹೆಸರು ಕೆತ್ತಿರುವ ಕಲ್ಲು ನಿಮ್ಮೂರಿನದು" ಅಂದರು. ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಓದಿದೆ. ನಿಜ. ಗೋಡೆಯ ಕಪ್ಪು ಗ್ರಾನೈಟ್ ಬೆಂಗಳೂರು ಕಡೆಯಿಂದ ಹೋದದ್ದು. ವರ್ಮಾಂಟ್‌ನ ಬ್ಯಾರಿಯಲ್ಲಿ ಕತ್ತರಿಸಿ, ಟೆನೆಸ್ಸಿಯ ಮೆಂಫಿಸ್‌ನಲ್ಲಿ ಹೆಸರು ಕೆತ್ತಿದ್ದಾರೆ. ನಮ್ಮಪ್ಪ ಜಿಗಣಿಯ ಒಂದು ಕಲ್ಲಿನ ಫ್ಯಾಕ್ಟರಿಯಲ್ಲಿ 22 ವರ್ಷ ಪಾಲಿಶ್ ಕೆಲಸ ಮಾಡಿದವರು. ಪಾಲಿಶ್ ಮುಗಿದ ಕಪ್ಪು ಕಲ್ಲಿನಲ್ಲಿ ಮುಖ ನೋಡಿಕೊಂಡು ನಾನು ಜಡೆ ಹಾಕಿಕೊಂಡಿದ್ದೇನೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಪ್ರಶ್ನೆಗೆ ಬರುತ್ತೇನೆ. ನನ್ನದು ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650. ಇಲ್ಲಿ ಐಎನ್‌ಟಿ 650 ಅಂತ ಮಾರುತ್ತಾರೆ. ಕಡ್ಡಿ ಚಕ್ರ, ಟ್ಯೂಬ್ ಟಯರ್. ಎರಡು ವರ್ಷದಲ್ಲಿ 9000 ಮೈಲಿ ಓಡಿಸಿದ್ದೇನೆ, ಆದರೆ ಯಾವಾಗಲೂ ಒಬ್ಬಳೇ. ಒಂದೇ ದಿನಕ್ಕೆ ಜಾಸ್ತಿ ಅಂದರೆ 280 ಮೈಲಿ. ಗೋಲ್ಡ್ ವಿಂಗ್, ಹಾರ್ಲೆಗಳಂಥ ದೊಡ್ಡ ಬೈಕ್‌ಗಳ ನಡುವೆ ಈ ಗಾಡಿ ಹತ್ತು ದಿನ ತಡೆಯುತ್ತದಾ? ಗುಂಪಿನಲ್ಲಿ ಓಡಿಸುವುದನ್ನು ಹೇಗೆ ಕಲಿಯಲಿ? ಮೂರು ದಾರಿಗಳಲ್ಲಿ ಸದರ್ನ್ ರೂಟ್ ನಮ್ಮ ಫೀನಿಕ್ಸ್ ಕಡೆಯಿಂದಲೇ ಹೋಗುತ್ತದೆ, ಆದರೂ ನನ್ನ ಮನಸ್ಸು ಸೆಂಟ್ರಲ್ ರೂಟ್ ಮೇಲಿದೆ. ರಜೆ ಒಟ್ಟು 14 ದಿನ ಸಿಗುತ್ತದೆ.

ಹೆದ್ದಾರಿ ನಲವತ್ತು:

ಅಕ್ಕ, ನಾನು ಆಲ್ಬುಕರ್ಕಿಯಲ್ಲಿ ಇರುವವನು. ಊರು ಶಿರಸಿ. ಸೆಂಟ್ರಲ್ ರೂಟ್‌ನಲ್ಲಿ ಎರಡು ಸಲ ಪೂರ್ತಿ, ಒಂದು ಸಲ ಅರ್ಧ ಹೋಗಿದ್ದೇನೆ.

ಗಾಡಿ ಸಾಕು. ಪೆಟ್ರೋಲಿಗೆ ಸುಮಾರು ನೂರು ಮೈಲಿಗೆ ಒಮ್ಮೆ ನಿಲ್ಲಿಸುತ್ತಾರೆ. ನಿಮ್ಮದು 13.7 ಲೀಟರ್ ಟ್ಯಾಂಕ್, ಹೆದ್ದಾರಿ ವೇಗದಲ್ಲೂ 150 ಮೈಲಿ ಆರಾಮಾಗಿ ಬರುತ್ತದೆ. ನೂರಾರು ಗಾಡಿಗಳು ಒಟ್ಟಿಗೆ ಬಂಕ್‌ಗೆ ನುಗ್ಗುವುದರಿಂದ ಅಲ್ಲಿ ಸ್ವಯಂಸೇವಕರೇ ಪೈಪ್ ಹಿಡಿದು ನಿಂತಿರುತ್ತಾರೆ. ಗಾಡಿಯಿಂದ ಇಳಿಯದೆ ಟ್ಯಾಂಕ್ ಮುಚ್ಚಳ ತೆಗೆಯುವುದು, ತುಂಬಿಸುವುದು, ಮುಂದೆ ಹೋಗುವುದು. ಹೊಸಬರು ತಡವರಿಸುವುದು ಇಲ್ಲೇ. ಗ್ಲೌಸ್ ಹಾಕಿಕೊಂಡೇ ಕೀಲಿ ತೆಗೆದು ಮುಚ್ಚಳ ಬಿಚ್ಚುವುದನ್ನು ಮನೆ ಮುಂದೆ ಅಭ್ಯಾಸ ಮಾಡಿ. ಟ್ಯಾಂಕ್ ಮೇಲೆ ಬ್ಯಾಗ್ ಕಟ್ಟಬೇಡಿ. ಚಿಲ್ಲರೆ ನೋಟು ಕೈಗೆ ಸಿಗುವ ಜೇಬಿನಲ್ಲಿ ಇರಲಿ.

ಗುಂಪು ಸವಾರಿಯೇ ನಿಮ್ಮ ನಿಜವಾದ ಪರೀಕ್ಷೆ. ಗಾಡಿಗಳನ್ನು ಪ್ಲಟೂನ್ ಅನ್ನುವ ಗುಂಪುಗಳಾಗಿ ಮಾಡುತ್ತಾರೆ, ಎರಡು ಸಾಲಿನಲ್ಲಿ ಹೋಗುತ್ತೇವೆ. ಮುಂದಿನವನು ಆಕ್ಸಿಲರೇಟರ್ ಸ್ವಲ್ಪ ಬಿಟ್ಟರೆ ಅದು ಸಾಲಿನ ಕೊನೆಗೆ ಹೋಗುವಷ್ಟರಲ್ಲಿ ಬ್ರೇಕ್ ಆಗಿರುತ್ತದೆ. ಆಮೇಲೆ ಕೊನೆಯವರು ಎಲ್ಲರಿಗಿಂತ ಜೋರಾಗಿ ಓಡಿಸಿ ಜಾಗ ತುಂಬಿಸಬೇಕು. ಅದಕ್ಕೇ ಮುಂದಿನ ಗಾಡಿಯ ಕೆಂಪು ದೀಪವನ್ನೇ ನೋಡುತ್ತಾ ಕೂರಬೇಡಿ. ಅದರಾಚೆಗೆ ನಾಲ್ಕೈದು ಗಾಡಿ ದೂರಕ್ಕೆ ಕಣ್ಣಿಡಿ. ಈಗಿನಿಂದಲೇ ಭಾನುವಾರಗಳಂದು ಯಾವುದಾದರೂ ಸ್ಥಳೀಯ ಗುಂಪಿನ ಜೊತೆ ಹೋಗಿ. ಎಂಟು, ಹತ್ತು ಗಾಡಿ ಇದ್ದರೂ ಸಾಕು. ಕೈಸನ್ನೆಗಳು ಅಲ್ಲೇ ಬರುತ್ತವೆ. ಒಂಟಾರಿಯೋದಲ್ಲಿ ಹೊರಡುವ ಹಿಂದಿನ ದಿನ ಹೊಸಬರಿಗೆ ಅಂತಲೇ ಪಾಠ ಇರುತ್ತದೆ. ಹೊಸಬರನ್ನು ಎಫ್‌ಎನ್‌ಜಿ ಅಂತ ಕರೆಯುತ್ತಾರೆ, ಪ್ರೀತಿಯಿಂದಲೇ. ಆ ಪಾಠ ತಪ್ಪಿಸಬೇಡಿ.

ನೀರಿನ ವಿಷಯದಲ್ಲಿ ನನ್ನ ತಪ್ಪು ಕೇಳಿ. ಮೊದಲ ವರ್ಷ ಮೊಹಾವೆ ಮರುಭೂಮಿಯಲ್ಲಿ, ನೀಡಲ್ಸ್ ತಲುಪುವ ಮೊದಲು, ಬಾಯಾರಿಕೆ ಆಗುತ್ತಿಲ್ಲ ಅಂತ ನಾನು ನೀರು ಕುಡಿಯಲೇ ಇಲ್ಲ. ಬಿಸಿ ಗಾಳಿಯಲ್ಲಿ ಬೆವರು ಕಾಣುವುದೇ ಇಲ್ಲ, ಆಗಾಗಲೇ ಆರಿಹೋಗುತ್ತದೆ. ಬಂಕ್‌ನಲ್ಲಿ ಗಾಡಿ ನಿಲ್ಲಿಸಿ ಕಾಲು ಊರಿದೆ, ಕಾಲಿಗೆ ಬಲವೇ ಇರಲಿಲ್ಲ. ಗಾಡಿ ಸಮೇತ ಬಿದ್ದೆ. ವಿಯೆಟ್ನಾಂನಲ್ಲಿ ನರ್ಸ್ ಆಗಿದ್ದ ಒಬ್ಬ ಅಜ್ಜಿ ನನ್ನನ್ನು ನೆರಳಿಗೆ ಎಳೆದು, ಕುತ್ತಿಗೆಗೆ ಐಸ್ ಇಟ್ಟರು. ನೀವು ಫೀನಿಕ್ಸ್‌ನವರು, ಬಿಸಿಲು ಗೊತ್ತು. ಆದರೆ ಏಳು ಗಂಟೆ ಸತತ ಬಿಸಿಲು ಬೇರೆ. ಪ್ರತಿ ನಿಲುಗಡೆಯಲ್ಲೂ ನೀರು, ಜೊತೆಗೆ ಒಂಚೂರು ಉಪ್ಪು. ತೋಳು ಮುಚ್ಚಿರಲಿ.

ಎರಡು ದಿನ ಆಗುವಷ್ಟರಲ್ಲಿ ಇದರ ಉಲ್ಟಾ. ನ್ಯೂ ಮೆಕ್ಸಿಕೋದ ಏಂಜಲ್ ಫೈರ್ 8000 ಅಡಿಗಿಂತ ಮೇಲಿದೆ, ಮೇನಲ್ಲೂ ಕೈ ಮರಗಟ್ಟುವ ಚಳಿ ಬೀಳಬಹುದು. ಒಳಗೆ ಹಾಕುವ ಉಣ್ಣೆ ಬಟ್ಟೆ, ಮಳೆ ಕೋಟು ಎರಡೂ ಬ್ಯಾಗಿನ ಮೇಲ್ಗಡೆಯೇ ಇರಲಿ. ಅಲ್ಲಿ ಬೆಟ್ಟದ ಮೇಲೆ ಬಿಳಿ ಚಾಪೆಲ್ ಇದೆ. 1968ರಲ್ಲಿ ವಿಯೆಟ್ನಾಂನಲ್ಲಿ ಸತ್ತ ಮಗ ಡೇವಿಡ್‌ನ ನೆನಪಿಗೆ ವಿಕ್ಟರ್ ವೆಸ್ಟ್‌ಫಾಲ್ ಕಟ್ಟಿಸಿದ್ದು. ಡಿಸಿಯ ಗೋಡೆಗಿಂತ ಹತ್ತು ವರ್ಷ ಮೊದಲೇ ಇತ್ತು. ನೀವು ಸೆಂಟ್ರಲ್ ರೂಟ್ ಬಯಸಿದ್ದು ಸರಿ ಅಂತ ಅಲ್ಲಿ ನಿಂತಾಗ ಗೊತ್ತಾಗುತ್ತದೆ.

ಇನ್ನೊಂದು. ದಾರಿಯುದ್ದಕ್ಕೂ ಮೇಲ್ಸೇತುವೆಗಳ ಮೇಲೆ ಜನ ಬಾವುಟ ಹಿಡಿದು ನಿಂತಿರುತ್ತಾರೆ. ಮಕ್ಕಳು, ಅಗ್ನಿಶಾಮಕದವರು, ಗಾಲಿಕುರ್ಚಿಯಲ್ಲಿ ಮುದುಕರು. ಹೆಲ್ಮೆಟ್ ಒಳಗೆ ಕಣ್ಣು ತುಂಬಿಕೊಂಡರೆ ಒರೆಸಿಕೊಳ್ಳಲು ಆಗುವುದಿಲ್ಲ. ವೈಸರ್ ಸ್ವಲ್ಪ ಎತ್ತಿ, ಗಾಳಿಗೆ ಬಿಡಿ. ಪಶ್ಚಿಮ ವರ್ಜೀನಿಯಾದ ರೇನೆಲ್ ಅನ್ನುವ ಚಿಕ್ಕ ಊರಿನ ಶಾಲೆ ಮಕ್ಕಳು ಸವಾರರ ಹತ್ತಿರ ಆಟೋಗ್ರಾಫ್ ಕೇಳುತ್ತಾರೆ. "ನಾನು ಸೈನಿಕ ಅಲ್ಲ" ಅಂದರೂ ಬಿಡುವುದಿಲ್ಲ. ಅಲ್ಲಿ ನಿಮ್ಮ ತಾತನ ಹೆಸರು ಬರೆದುಕೊಡಿ.

ಹಳೇ ಇಎಂಇ:

ತಂಗಿ, ನಾನು ಹಾಸನದವನು. ಸೈನ್ಯದ ಇಎಂಇಯಲ್ಲಿ 24 ವರ್ಷ ಗಾಡಿ ರಿಪೇರಿ ಮಾಡಿ ಹವಾಲ್ದಾರ್ ಆಗಿ ನಿವೃತ್ತನಾದೆ. ಅಮೆರಿಕ ನೋಡಿಲ್ಲ. ಆದರೆ ನಿಮ್ಮ ಗಾಡಿ ಗೊತ್ತು, ನನ್ನ ಮಗನದೂ ಅದೇ.

ಟ್ಯೂಬ್ ಟಯರ್‌ಗೆ ದಾರಿಯಲ್ಲಿ ಹೊರಗಿನಿಂದ ಪ್ಲಗ್ ಹಾಕಲು ಬರುವುದಿಲ್ಲ. ಚಕ್ರ ಬಿಚ್ಚಲೇಬೇಕು. ಆದ್ದರಿಂದ ಮುಂದಿನದೊಂದು, ಹಿಂದಿನದೊಂದು ಟ್ಯೂಬ್ ಇಟ್ಟುಕೊಳ್ಳಿ. ಜೊತೆಗೆ ಮೂರು ಟಯರ್ ಲಿವರ್, ಆಕ್ಸಲ್ ನಟ್ಟಿಗೆ ಸರಿಹೊಂದುವ ಸ್ಪ್ಯಾನರ್, ಚಿಕ್ಕ ಪಂಪ್. ಅದಕ್ಕಿಂತ ಮುಖ್ಯವಾಗಿ, ಹೊರಡುವ ಮುಂಚೆ ಮನೆಯಲ್ಲಿ ಹಿಂದಿನ ಚಕ್ರವನ್ನು ನೀವೇ ಎರಡು ಸಲ ಬಿಚ್ಚಿ ಹಾಕಿ. ಮೊದಲ ಸಲ ಎರಡು ಗಂಟೆ ಹಿಡಿಯುತ್ತದೆ, ಟ್ಯೂಬ್ ಲಿವರ್‌ಗೆ ಸಿಕ್ಕಿ ತೂತಾಗಬಹುದು. ಆಗಲಿ. ಮನೆಯಲ್ಲೇ ಆಗಲಿ. ಸೆಂಟರ್ ಸ್ಟ್ಯಾಂಡ್ ಇರುವುದು ನಿಮ್ಮ ಪುಣ್ಯ.

9000 ಮೈಲಿ ಆಗಿದೆ ಅಂದರೆ ಹಿಂದಿನ ಟಯರ್ ಹೊಸದು ಹಾಕಿಸಿ. ಇನ್ನೂ ಗೀರು ಇದೆ ಅಂತ ನೋಡಬೇಡಿ. ಹೊಸ ಟಯರ್ ಹಾಕಿದ ಮೇಲೆ ನೂರು ಮೈಲಿ ನಿಧಾನ ಓಡಿಸಿ, ಮೇಲಿನ ನುಣುಪು ಹೋಗಬೇಕು. ಗೋಲ್ಡ್ ವಿಂಗ್‌ನವರಿಗೆ ಶಾಫ್ಟ್ ಇದೆ, ಹಾರ್ಲೆಗೆ ಬೆಲ್ಟ್. ನಿಮಗೆ ಚೈನ್. ಪ್ರತಿ ಸಂಜೆ ಅವರು ಊಟಕ್ಕೆ ಹೋಗುವಾಗ ನೀವು ಹತ್ತು ನಿಮಿಷ ಚೈನ್ ನೋಡಬೇಕು. ಬಿಸಿ ಇರುವಾಗಲೇ ಲೂಬ್ ಹಾಕಿ, ರಾತ್ರಿ ಬಿಡಿ. ಮಳೆಯಲ್ಲಿ ಓಡಿಸಿದ ದಿನ ಒರೆಸಿ ಹಾಕಿ. ಬಿಗಿ ಜಾಸ್ತಿ ಮಾಡಬೇಡಿ.

ನಿಮ್ಮ ತಾತನಿಗೆ ನನ್ನ ಸಲಾಂ ತಿಳಿಸಿ. ಯೂನಿಫಾರ್ಮ್ ಬಚ್ಚಿಟ್ಟು ಮನೆಗೆ ಹೋದರು ಅಂತ ಓದಿ ತುಂಬ ಸಂಕಟ ಆಯಿತು. ನಾನು ರಜೆಗೆ ಬಂದಾಗಲೆಲ್ಲ ನಮ್ಮವ್ವ ಯೂನಿಫಾರ್ಮ್‌ನಲ್ಲೇ ಊರೆಲ್ಲ ಸುತ್ತಿಸುತ್ತಿದ್ದರು.

ಪೊಟೋಮ್ಯಾಕ್ ದಂಡೆ:

ನಾನು ಬೈಕ್ ಓಡಿಸುವವಳಲ್ಲ. ವರ್ಜೀನಿಯಾದಲ್ಲಿ ಇದ್ದೇನೆ, ಊರಿನಿಂದ ಬಂದವರನ್ನೆಲ್ಲ ಗೋಡೆ ತೋರಿಸಲು ಕರೆದುಕೊಂಡು ಹೋಗುತ್ತೇನೆ. ಅಷ್ಟು ಮಾತ್ರ ಹೇಳಬಲ್ಲೆ.

ಅಲ್ಲಿ 58,000ಕ್ಕೂ ಹೆಚ್ಚು ಹೆಸರುಗಳಿವೆ. ಅಕ್ಷರ ಕ್ರಮದಲ್ಲಿ ಇಲ್ಲ, ಯುದ್ಧದಲ್ಲಿ ಸತ್ತ, ಗಾಯಗೊಂಡ ಇಲ್ಲವೇ ಕಾಣೆಯಾದ ದಿನದ ಕ್ರಮದಲ್ಲಿವೆ. ವಿನ್ಯಾಸ ಮಾಡಿದ ಮಾಯಾ ಲಿನ್ ಆಗ 21 ವರ್ಷದ ವಿದ್ಯಾರ್ಥಿನಿ. ಒಂದೇ ದಿನ ಒಟ್ಟಿಗೆ ಸತ್ತವರು ಒಟ್ಟಿಗೇ ಇರಲಿ ಅನ್ನುವುದು ಈ ಕ್ರಮದಿಂದ ಆಯಿತು. ಪಟ್ಟಿ ಎರಡು ಗೋಡೆ ಸೇರುವ ಮೂಲೆಯಲ್ಲಿ ಶುರುವಾಗಿ, ಪೂರ್ವದ ತುದಿಗೆ ಹೋಗಿ, ಪಶ್ಚಿಮದ ತುದಿಯಿಂದ ಮುಂದುವರಿದು ಮತ್ತೆ ಅದೇ ಮೂಲೆಗೆ ಬಂದು ಮುಗಿಯುತ್ತದೆ. 1969ರವರು ಪಶ್ಚಿಮದ ಗೋಡೆಯಲ್ಲಿ ಇರುತ್ತಾರೆ. ಹೆಸರಿನ ಪಕ್ಕ ವಜ್ರದ ಗುರುತು ಇದ್ದರೆ ಸಾವು ಖಚಿತ. ಕೂಡಿಸುವ ಚಿಹ್ನೆಯಂಥ ಗುರುತು ಇದ್ದರೆ ಕಾಣೆಯಾದವರು. ಮೊದಲೇ ಫಲಕದ ನಂಬರ್, ಸಾಲಿನ ನಂಬರ್ ಬರೆದುಕೊಂಡು ಹೋಗಿ. ಆ ವಾರಾಂತ್ಯ ಜನ ತುಂಬಿರುತ್ತಾರೆ.

ಹೆಸರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಕ್ಷರ ಮೂಡುತ್ತದೆ. ಕಾಗದ, ಪೆನ್ಸಿಲ್ ಅಲ್ಲಿನ ಸ್ವಯಂಸೇವಕರೇ ಕೊಡುತ್ತಾರೆ. ಹೆಸರು ಎತ್ತರದಲ್ಲಿದ್ದರೆ ಅವರೇ ಏಣಿ ಹತ್ತಿ ತೆಗೆದುಕೊಡುತ್ತಾರೆ. ಕಾಗದ ಮಡಚದೆ ತರಲು ಒಂದು ರಟ್ಟಿನ ಕೊಳವೆ ಇಟ್ಟುಕೊಳ್ಳಿ. ಮಳೆ ಬಂದರೆ ಕಲ್ಲು ಒದ್ದೆಯಾಗಿ ಉಜ್ಜಲು ಬರುವುದಿಲ್ಲ, ಆದ್ದರಿಂದ ಶುಕ್ರವಾರ ಸಂಜೆ, ಶನಿವಾರ ಎರಡೂ ದಿನ ಕೈಯಲ್ಲಿ ಇರಲಿ.

14 ದಿನದ ರಜೆಯಲ್ಲಿ ಗಾಡಿಯಲ್ಲೇ ವಾಪಸ್ ಹೋಗಬೇಡಿ. ಫೀನಿಕ್ಸ್ ಇಲ್ಲಿಂದ 2300 ಮೈಲಿ. ದಣಿದ ಮೈಯಲ್ಲಿ ಮೂರು ದಿನಕ್ಕೆ ಓಡಿಸುವುದು ಅಪಾಯ. ಗಾಡಿಯನ್ನು ಟ್ರಕ್‌ನಲ್ಲಿ ಕಳಿಸಿ, ನೀವು ವಿಮಾನದಲ್ಲಿ ಹೋಗಿ. ಟ್ರಕ್ ಬರುವವರೆಗೆ ಗಾಡಿ ನಮ್ಮ ಗ್ಯಾರೇಜ್‌ನಲ್ಲಿ ಇರಲಿ. ಮತ್ತೆ ಒಂದು ಮಾತು ಕೇಳಲಾ? ಹಿರಿಯ ಯೋಧರನ್ನು ಖರ್ಚಿಲ್ಲದೆ ಡಿಸಿಗೆ ಕರೆತರುವ ಹಾನರ್ ಫ್ಲೈಟ್ ಅಂತ ಇದೆ. ವಿಯೆಟ್ನಾಂ ಕಾಲದವರನ್ನೂ ಕರೆತರುತ್ತಾರೆ, ಅರಿಜೋನಾದಿಂದಲೂ ಬರುತ್ತಾರೆ. ತಾತನನ್ನು ಕೇಳಿದ್ದೀರಾ?

ಜಿಗಣಿ ಹುಡುಗಿ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಅಣ್ಣ, ಹಿಂದಿನ ಚಕ್ರ ಬಿಚ್ಚಿದೆ. ಎರಡು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ನೀವು ಹೇಳಿದ ಹಾಗೇ ಟ್ಯೂಬ್ ತೂತಾಯಿತು. ತಾತ ಕುರ್ಚಿ ಹಾಕಿಕೊಂಡು ಕೂತು, ಬಲಗೈಯಲ್ಲಿ ಟಾರ್ಚ್ ಹಿಡಿದಿದ್ದರು. ನಿಮ್ಮ ಸಲಾಂ ಅವರಿಗೆ ಆಗಲೇ ಹೇಳಿದೆ. ನಿಮ್ಮ ತಾಯಿಯ ವಿಷಯವನ್ನೂ ಹೇಳಿದೆ. ಸ್ವಲ್ಪ ಹೊತ್ತು ಟಾರ್ಚ್ ಬೆಳಕು ಚಕ್ರದ ಮೇಲೆ ಇರಲಿಲ್ಲ.

ಹಾನರ್ ಫ್ಲೈಟ್ ಬಗ್ಗೆ ಕೇಳಿದೆ. "ಬೇಡ" ಅಂದರು. ನಾನು ಒತ್ತಾಯ ಮಾಡಲಿಲ್ಲ. ಎರಡು ದಿನ ಬೇಲಿ ಹತ್ತಿರ ಬರಲೇ ಇಲ್ಲ. ಇವತ್ತು ಬೆಳಿಗ್ಗೆ ನಾನು ಡ್ಯೂಟಿಗೆ ಹೊರಡುವಾಗ ಒಂದು ಚೀಟಿ ತಂದು ಕೊಟ್ಟರು. ಫಲಕದ ನಂಬರ್, ಸಾಲಿನ ನಂಬರ್ ಎಲ್ಲ ಬರೆದಿದ್ದಾರೆ. ಅವರು ನನಗೆ ಯಾವಾಗಲೂ ಇಬ್ಬರು ಸ್ನೇಹಿತರ ಹೆಸರು ಮಾತ್ರ ಹೇಳುತ್ತಿದ್ದರು. ಚೀಟಿಯಲ್ಲಿ ಮೂರು ಹೆಸರಿವೆ. ಮೂರನೆಯದರ ಕೆಳಗೆ ಎರಡು ಸಲ ಗೀಟು ಎಳೆದಿದ್ದಾರೆ.

ರಟ್ಟಿನ ಕೊಳವೆ ಇವತ್ತೇ ತರುತ್ತೇನೆ. ಕಾಗದ ಮೂರು ಬೇಕು.